ಶ್ರದ್ಧಾಂಜಲಿ ಸಭೆಯ ಫೋಟೊಗೆ 35 ಮತ್ತು 85 ಎಂ.ಎಂ. ಲೆನ್ಸ್ ಸಾಕು

70-200 ಜೂಮ್ ಲೆನ್ಸ್ ಇಲ್ಲದೆ ಮೇಣದಬತ್ತಿ ಸಭೆಯ ಫೋಟೊ ತೆಗೆಯಲು ಹೊರಟಾಗ ನಕ್ಕವರೇ ಈಗ ನನ್ನ 85 ಎಫ್/1.8 ಅನ್ನು (ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸಿಗೆ ಬೆಳಕು ಹೆಚ್ಚು) ಎರವಲು ಕೇಳುತ್ತಿದ್ದಾರೆ. ಆ ಜೂಮ್‌ನ ದುಡ್ಡಲ್ಲಿ ಎರಡೂ ಪ್ರೈಮ್ (ಜೂಮ್ ಆಗದ ಲೆನ್ಸ್) ಬಂದು ಇನ್ನೂ ಮಿಗುತ್ತದೆ.

ಬತ್ತಿ ಮುಖದಿಂದ ಒಂದಡಿ ದೂರದಲ್ಲಿದ್ದರೆ ಐಎಸ್ಒ (ಸೆನ್ಸರಿನ ಸೂಕ್ಷ್ಮತೆ) 3200, ಎಫ್/2ಕ್ಕೆ ಹೆಚ್ಚುಕಮ್ಮಿ 1/30 ಸೆಕೆಂಡಿನ ಶಟರ್ ಸಿಗುತ್ತದೆ. ಕೈ ಸೊಂಟಕ್ಕಿಳಿದು ದೂರ ಎರಡಡಿಯಾದರೆ ಎರಡು ಸ್ಟಾಪ್ ಹೋಯಿತು, ಅಂದರೆ ಬೆಳಕು ಕಾಲುಭಾಗಕ್ಕಿಳಿಯಿತು. ಜೂಮ್ ಎಫ್/2.8ರಲ್ಲಿ ನಿಂತುಬಿಡುತ್ತದೆ, ಅದರ ಸ್ಟೆಬಿಲೈಸರ್ ನನ್ನ ಕೈ ನಡುಕ ತಡೆದೀತು, ಎದುರಿಗಿದ್ದವರು ಕಣ್ಣೊರೆಸುವ ಕೈಯನ್ನಲ್ಲ. ಹಾಗಂತ 85ಕ್ಕೂ ಸಲಿಗೆ ಕೊಡಬಾರದು. ಫುಲ್ ಫ್ರೇಮ್‌ನಲ್ಲಿ (35 ಎಂ.ಎಂ. ಫಿಲ್ಮಿನಷ್ಟು ದೊಡ್ಡ ಸೆನ್ಸರ್) ಎರಡು ಮೀಟರಿನಿಂದ ಎಫ್/1.8ಕ್ಕೆ ಫೋಕಸ್ ಆಳ (ಸ್ಪಷ್ಟವಾಗಿ ಕಾಣುವ ಭಾಗ) ಸುಮಾರು 6 ಸೆಂ.ಮೀ. ಆಟೋಫೋಕಸ್ ಉರಿಯನ್ನು ಹಿಡಿದರೆ ಕಣ್ಣು ಮಸುಕು. ಮೊದಮೊದಲು ಅರ್ಧಕ್ಕರ್ಧ ಫೋಟೊ ಹೀಗೇ ಹಾಳಾದವು. ಈಗ ಒಂದೇ ಫೋಕಸ್ ಪಾಯಿಂಟ್, ಕಣ್ಣಿನ ಮೇಲೆ. ಫೋಕಸಿಗೆಂದು ಕ್ಯಾಮೆರಾ ಹೊತ್ತಿಸುವ ಅಸಿಸ್ಟ್ ದೀಪ ಬಂದ್.

ಲೆನ್ಸಿನ ಮುಂದಿನ ಯುವಿ ಫಿಲ್ಟರ್ ಬಿಚ್ಚಿಡಿ. ಫ್ರೇಮಿನ ಎಡಗಡೆ ಕೆಳಗೆ ಉರಿ ಇದ್ದರೆ ಬಲಗಡೆ ಮೇಲೆ ಅದರದೇ ತಲೆಕೆಳಗಾದ ದೆವ್ವ (ಮಸುಕು ಪ್ರತಿಬಿಂಬ) ಕೂತಿರುತ್ತದೆ. ನೂರು ಬತ್ತಿಗೆ ನೂರು ದೆವ್ವ! ಲೆನ್ಸೇ ಕೆಟ್ಟಿದೆ ಅಂದುಕೊಂಡು ರಿಪೇರಿಗೆ ಸುಮ್ಮನೆ ದುಡ್ಡು ಸುರಿದೆ. ತಪ್ಪು ಆ ಗಾಜಿನ ಬಿಲ್ಲೆಯದು.

ಗುಂಪಿಗೆ 35. ಸೂರ್ಯ ಮುಳುಗಿ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಆಕಾಶದ ನೀಲಿಯೂ ಬತ್ತಿಯ ಬೆಳಕೂ ಸರಿತೂಗುತ್ತವೆ. ಆಮೇಲೆ ಹಿನ್ನೆಲೆ ಬರೀ ಕಪ್ಪು, ಬೆಳಕು ಅಳೆಯುವ ಮೀಟರ್ ಮೋಸ ಹೋಗಿ ಬೆಳಕು ಅತಿಯಾಗುತ್ತದೆ. ಒಂದು ಸ್ಟಾಪ್ ಕಮ್ಮಿ ಇಡಿ. ವೈಟ್ ಬ್ಯಾಲೆನ್ಸ್ (ಬಣ್ಣದ ಹದ) 3200 ಕೆಲ್ವಿನ್. ಹಿಸ್ಟೋಗ್ರಾಮಿನಲ್ಲಿ (ಬೆಳಕಿನ ಹಂಚಿಕೆ ತೋರಿಸುವ ಗ್ರಾಫ್) ಕೆಂಪನ್ನು ಬೇರೆಯಾಗಿ ನೋಡಿ, ಮೊದಲು ಸುಡುವುದು (ಬೆಳಕು ಹೆಚ್ಚಾಗಿ ವಿವರ ಕಳೆದುಕೊಳ್ಳುವುದು) ಅದೇ. 24 ಕೂಡ ಹಾಕಿ ನೋಡಿದೆ: ಅಂಚಿನಲ್ಲಿ ನಿಂತವರ ಮುಖ ಎಳೆದಂತಾಗುತ್ತದೆ. ದುಃಖದಲ್ಲಿರುವವರನ್ನು ಹಾಗೆ ತೋರಿಸುವುದು ತರವಲ್ಲ.

ಮೂಲೆಯಲ್ಲಿ ಬಿದ್ದಿದ್ದ ಹಳೇ ಮ್ಯಾನುಯಲ್ (ಕೈಯಲ್ಲೇ ಫೋಕಸ್ ಮಾಡುವ) 50 ಎಫ್/1.4 ಕೂಡ ಒಂದು ಸಂಜೆ ತಿರುಗಿಸಿದೆ. ಪೂರ್ತಿ ತೆರೆದರೆ ಉರಿಯ ಸುತ್ತ ಹಾಲಿನಂಥ ಪ್ರಭೆ, ಎಫ್/2ಕ್ಕೆ ಮಾಯ. ಒಂದೆರಡು ಫೋಟೊಗೆ ಚೆಂದ, ಹತ್ತಾದರೆ ಬೇಸರ.

ಮೌನಾಚರಣೆಗೆಂದು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಬೀದಿಯ ಎಲ್‌ಇಡಿ ಕೆಳಗೆ ಪಟ್ಟೆ ಬರುತ್ತವೆ. 50 ಹರ್ಟ್ಸ್ ಕರೆಂಟಿದ್ದಲ್ಲಿ 1/100 ಅಥವಾ 1/50 ಇಟ್ಟರೆ ಬಹುತೇಕ ಹೋಗುತ್ತವೆ. ಹೋಗದಿದ್ದರೆ ಆ ಎರಡು ನಿಮಿಷ ಕ್ಯಾಮೆರಾ ಕೆಳಗಿಡುತ್ತೇನೆ.

ಬತ್ತಿಗೆ ಕಾಗದದ ಲೋಟ ಸಿಕ್ಕಿಸಿಕೊಂಡವರ ಪಕ್ಕ ಮೊದಲು ಹೋಗಿ. ಉರಿ ಮರೆಯಾಗಿ ಲೋಟವೇ ಹೊಳೆಯುತ್ತದೆ, ಗಾಳಿಗೂ ಆರುವುದಿಲ್ಲ. ಅಲ್ಲಿ ಎಲ್ಲಿ ನಿಲ್ಲಬೇಕು ಅನ್ನುವುದು ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ.