ಫೈಲಿನ ಹೆಸರು ನಂಬಬೇಡಿ, ಹ್ಯಾಶ್ ಕೇಳಿ

ಸರಸ್ವತಿಪುರಂನ ನಮ್ಮ ಮನೆಗೆ ಮಂಡ್ಯದಿಂದ ಬಂದ ಭಾಮೈದ ಪೆನ್‌ಡ್ರೈವ್ ಒಂದನ್ನು ಕೈಗಿಟ್ಟ. ಒಳಗೆ ‘ಉಬುಂಟು ಹೊಸದು’, ‘ಉಬುಂಟು ಹೊಸದು 2’, ‘ಫೈನಲ್’ ಅಂತ ಮೂರು ಐಎಸ್‌ಒ ಫೈಲುಗಳು, ಅಂದರೆ ಉಬುಂಟು ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳುವ ಫೈಲುಗಳು. ಯಾವುದು ಯಾವ ಆವೃತ್ತಿ ಎಂದು ಅವನಿಗೇ ಗೊತ್ತಿಲ್ಲ. ಇಂಥ ಹೊತ್ತಿಗೇ ಹ್ಯಾಶ್ ಬೇಕಾಗುವುದು. ಹ್ಯಾಶ್ ಅಂದರೆ ಫೈಲಿನ ಒಳಗಿರುವುದನ್ನು ಲೆಕ್ಕ ಹಾಕಿ ತೆಗೆದ ಅಂಕಿ-ಅಕ್ಷರಗಳ ಸಾಲು, ಫೈಲಿನ ಬೆರಳಚ್ಚು ಇದ್ದಂತೆ. ಹೆಸರು ಬದಲಿಸಿದರೆ ಅದು ಕದಲುವುದಿಲ್ಲ. ಒಳಗಿನ ಒಂದು ಬಿಟ್ ಕದಲಿದರೂ ಪೂರ್ತಿ ಬೇರೆಯಾಗುತ್ತದೆ.

ಮೊದಲು ಹ್ಯಾಶ್ ತೆಗೆಯಿರಿ. ವಿಂಡೋಸ್‌ನಲ್ಲಿ ಸೆವೆನ್-ಜಿಪ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಫೈಲಿನ ಮೇಲೆ ರೈಟ್ ಕ್ಲಿಕ್, ‘ಸಿಆರ್‌ಸಿ ಎಸ್‌ಎಚ್‌ಎ’, ಅದರಲ್ಲಿ ಎಸ್‌ಎಚ್‌ಎ-256 ಎಂಬ ಬಗೆಯ ಹ್ಯಾಶ್. ಅಷ್ಟೇ. ಜಾಹೀರಾತು ತುಂಬಿದ ‘ಹ್ಯಾಶ್ ಚೆಕರ್’ಗಳ ಸಹವಾಸ ಬೇಡ. ಜಿಪ್ ಫೈಲಾದರೆ ಬಿಚ್ಚುವ ಮೊದಲೇ ತೆಗೆಯಿರಿ. ಬಿಚ್ಚಿ ಮತ್ತೆ ಕಟ್ಟಿದ್ದಕ್ಕೆ ಬೇರೆಯೇ ಹ್ಯಾಶ್ ಬರುತ್ತದೆ.

ಎಲ್ಲರೂ ಎಡವುವುದು ಹೋಲಿಸುವಾಗ. ಪೆನ್‌ಡ್ರೈವ್‌ನಲ್ಲೇ ಇದ್ದ ಹ್ಯಾಶ್ ಪಟ್ಟಿಯ ಟೆಕ್ಸ್ಟ್ ಫೈಲ್ ತೋರಿಸಿ ಭಾಮೈದ, “ಭಾವ, ಮೊದಲ್ನೇ ನಾಲ್ಕು, ಕೊನೇ ನಾಲ್ಕು ಒಂದೇ ಅವೆ, ಸಾಕ್ ಬುಡಿ” ಅಂದ. ಎರಡೂ ತಪ್ಪು. ಜೊತೆಗೇ ಬಂದ ಪಟ್ಟಿಯನ್ನು ನಂಬುವುದು ಕಳ್ಳನನ್ನೇ ಸಾಕ್ಷಿಗೆ ಕರೆದಂತೆ. ಇನ್ನು ಒಂದಗುಳು ಹಿಸುಕಿ ಅನ್ನ ಬೆಂದಿದೆ ಅನ್ನುವ ಲೆಕ್ಕ ಇಲ್ಲಿ ನಡೆಯದು, ಎಸ್‌ಎಚ್‌ಎ-256ರ 64 ಅಕ್ಷರಗಳೂ ಕೂಡಬೇಕು. ಕಣ್ಣಲ್ಲಿ ಓದಿ ಹೋಲಿಸಲೂ ಬೇಡಿ. ಉಬುಂಟುವಿನ ಸ್ವಂತ ತಾಣದಲ್ಲಿ ಪ್ರತಿ ಆವೃತ್ತಿಗೂ ಹ್ಯಾಶ್ ಪಟ್ಟಿ ಇರುತ್ತದೆ. ಅದನ್ನು ತೆರೆದು, ಕಂಟ್ರೋಲ್-ಎಫ್ ಒತ್ತಿ, ನಿಮ್ಮ ಹ್ಯಾಶ್ ಪೂರ್ತಿ ಪೇಸ್ಟ್ ಮಾಡಿ. ಸಿಕ್ಕಿದ ಸಾಲಿನಲ್ಲೇ ಫೈಲಿನ ಅಸಲಿ ಹೆಸರಿರುತ್ತದೆ. ದೊಡ್ಡಕ್ಷರ, ಸಣ್ಣಕ್ಷರ ಎಂದು ಗಾಬರಿಯಾಗಬೇಡಿ, ಎರಡೂ ಒಂದೇ.

ತಾಣವೇ ಕೆಟ್ಟಿದ್ದರೆ? 2016ರ ಫೆಬ್ರವರಿಯಲ್ಲಿ ಉಬುಂಟುವಿನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಮಿಂಟ್‌ನ ತಾಣಕ್ಕೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನು ತಮ್ಮ ಕಲಬೆರಕೆ ಐಎಸ್‌ಒ ಕಡೆಗೆ ತಿರುಗಿಸಿದ್ದರು. ಇಂಥದ್ದಕ್ಕೆಂದೇ ಉಬುಂಟು ತನ್ನ ಪಟ್ಟಿಗೆ ಜಿಪಿಜಿ ಸಹಿಯನ್ನೂ ಕೊಡುತ್ತದೆ, ಅಂದರೆ ಪಟ್ಟಿ ತನ್ನದೇ ಎಂದು ತೋರಿಸುವ ಡಿಜಿಟಲ್ ಸಹಿ. ಆಫೀಸಿನ ಕಂಪ್ಯೂಟರಿಗೆ ಹಾಕುವುದಾದರೆ ಅದನ್ನೂ ಪರೀಕ್ಷಿಸಲೇಬೇಕು.

32 ಅಕ್ಷರದ ಹ್ಯಾಶ್ ಕಂಡರೆ ಅದು ಸಾಮಾನ್ಯವಾಗಿ ಎಂಡಿ5, 40 ಇದ್ದರೆ ಎಸ್‌ಎಚ್‌ಎ-1, ಎರಡೂ ಹಳೆಯ ಬಗೆಯವು. ಡೌನ್‌ಲೋಡ್ ಅರ್ಧಕ್ಕೆ ನಿಂತಿತೇ ಎಂದು ನೋಡಲು ಇವು ಸಾಕು, ಮೋಸ ಹಿಡಿಯಲು ಸಾಲವು. ಒಂದೇ ಎಸ್‌ಎಚ್‌ಎ-1 ಇರುವ ಎರಡು ಬೇರೆ ಬೇರೆ ಪಿಡಿಎಫ್‌ಗಳನ್ನು ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು 2017ರಲ್ಲೇ ಮಾಡಿ ತೋರಿಸಿದ್ದಾರೆ.

ಭಾಮೈದನ ಮೂರರಲ್ಲಿ ಒಂದು ಉಬುಂಟು ಆವೃತ್ತಿ 22.04, ಇನ್ನೊಂದು 20.04. ‘ಫೈನಲ್’ ಯಾವ ಪಟ್ಟಿಯಲ್ಲೂ ಇರಲಿಲ್ಲ. ಅವನು ತಿಂಗಳಿಂದ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದುದು ಅದನ್ನೇ.