ಛತ್ತು ಯಾವುದರ ಮ್ಯಾಲ ನಿಂತೈತಿ? ಮೈನ್‌ಕ್ರಾಫ್ಟ್‌ನಲ್ಲಿ ನಾನು ಕಟ್ಟಡ ಕಟ್ಟುವ ರೀತಿ

ಮೈನ್‌ಕ್ರಾಫ್ಟ್ ಅಂದರೆ ಘನಾಕಾರದ ಬ್ಲಾಕ್‌ಗಳನ್ನು ಜೋಡಿಸಿ ಬೇಕಾದ್ದು ಕಟ್ಟುವ ಕಂಪ್ಯೂಟರ್ ಆಟ. ಅದರಲ್ಲಿ ಕಂಬ ಕಿತ್ತರೆ ಮಾಳಿಗೆ ಬೀಳುವುದಿಲ್ಲ. ನಾಲ್ಕೂ ಗೋಡೆ ತೆಗೆದುಬಿಡಿ, ಚಾವಣಿ ಗಾಳಿಯಲ್ಲಿ ಆರಾಮಾಗಿ ನಿಂತಿರುತ್ತದೆ. ಮರಳು, ಜಲ್ಲಿ, ಕಾಂಕ್ರೀಟ್ ಪುಡಿಯಂಥ ಕೆಲವೇ ಬ್ಲಾಕ್‌ಗಳು ಆಧಾರ ತಪ್ಪಿದರೆ ಕೆಳಗೆ ಬೀಳುತ್ತವೆ. ಉಳಿದವಕ್ಕೆ ಭಾರವೇ ಇಲ್ಲ. ಅಂದಮೇಲೆ ಅಡಿಪಾಯ, ತೊಲೆ, ಕಂಬ ಎಲ್ಲ ಯಾಕೆ ಬೇಕು?

ನಮ್ಮ ಸೋದರಮಾವ ಹುಬ್ಬಳ್ಳಿಯಲ್ಲಿ ಗವಂಡಿ ಕೆಲಸ ಮಾಡುತ್ತಾರೆ. ಒಂದು ಸಲ ಮನೆಗೆ ಬಂದಾಗ ನನ್ನ ಲ್ಯಾಪ್‌ಟಾಪ್ ಕಡೆ ನೋಡಿ ಕೇಳಿದರು: "ಅಲ್ಲೋ ತಮ್ಮಾ, ಈ ಛತ್ತು ಯಾವುದರ ಮ್ಯಾಲ ನಿಂತೈತಿ? ತೊಲಿ ಎಲ್ಲಿ?"

"ಮಾಮಾ, ಇದರಾಗ ತೊಲಿ ಬೇಕಾಗಂಗಿಲ್ಲ."

"ಆಟಕ್ಕ ಬ್ಯಾಡಾಗಿರಬಹುದು. ನೋಡೋರ ಕಣ್ಣಿಗೆ ಬೇಕಲ್ಲ."

ಅಷ್ಟು ಹೇಳಿ ಚಹಾ ಕುಡಿಯಲು ಒಳಗೆ ಹೋದರು. ಕಟ್ಟಡ ಚಂದ ಕಾಣಿಸುವುದು ಹೇಗೆ ಅಂತ ಯಾರಾದರೂ ಕೇಳಿದರೆ ನಾನೂ ಈಗ ಇದನ್ನೇ ಹೇಳುತ್ತೇನೆ. ಪ್ರತಿಯೊಂದು ಬ್ಲಾಕ್ ಅದರ ಕೆಳಗಿನ ಯಾವುದೋ ಒಂದರ ಮೇಲೆ ಭಾರ ಹಾಕಿ ಕೂತಂತೆ ಕಾಣಬೇಕು. ಹಾಗೆ ಕಾಣಿಸಲು ಕಂಬ ಮುಂದೆ ಬರುತ್ತದೆ, ಗೋಡೆ ಒಂದು ಬ್ಲಾಕ್ ಹಿಂದೆ ಸರಿಯುತ್ತದೆ, ಸೂರು ಹೊರಗೆ ಚಾಚುತ್ತದೆ. ಎಲ್ಲ ಕಡೆ ನೆರಳು ಬೀಳುತ್ತದೆ. ಚಪ್ಪಟೆ ಗೋಡೆಗೆ ಎಷ್ಟು ಬಣ್ಣ ಬಳಿದರೂ ಆ ನೆರಳು ಬರುವುದಿಲ್ಲ.

ಅಳತೆಯ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಆಟದಲ್ಲಿ ಒಂದು ಬ್ಲಾಕ್ ಅಂದರೆ ಒಂದು ಮೀಟರ್. ಹುಬ್ಬಳ್ಳಿ ಸ್ಟೇಷನ್‌ನ 1,507 ಮೀಟರ್ ಪ್ಲಾಟ್‌ಫಾರ್ಮ್ ಕಟ್ಟಬೇಕೆಂದರೆ 1,507 ಬ್ಲಾಕ್ ಉದ್ದ ಬೇಕು. (ಕಟ್ಟಿಲ್ಲ, ಕಟ್ಟುವ ಆಸೆಯೂ ಇಲ್ಲ. ಉದ್ದ ಇದ್ದದ್ದೆಲ್ಲ ಚಂದ ಇರುತ್ತದೆ ಅಂತೇನಿಲ್ಲವಲ್ಲ.) ಮನೆಗೆ ಮಾತ್ರ ಈ ಲೆಕ್ಕ ಹಾಗೇ ಹಾಕಿದರೆ ಕೆಲಸ ಕೆಡುತ್ತದೆ. ನಮ್ಮ ಕಡೆಯ 10×12 ಅಡಿಯ ಕೋಣೆ ಸುಮಾರು 3×4 ಬ್ಲಾಕ್ ಆಗುತ್ತದೆ. ಅಷ್ಟರಲ್ಲಿ ಒಂದು ಮಂಚ, ಒಂದು ಪೆಟ್ಟಿಗೆ ಇಟ್ಟರೆ ತಿರುಗಾಡಲು ಜಾಗ ಇರುವುದಿಲ್ಲ. ಹಾಗಾಗಿ ಎಲ್ಲ ಅಳತೆಯನ್ನೂ ಒಂದೂವರೆ ಪಟ್ಟು ಮಾಡಿಕೊಳ್ಳುತ್ತೇನೆ. ಕೋಣೆ 5×6, ಒಳಗಿನ ಎತ್ತರ 4. ಆಟದ ಮನುಷ್ಯನ ಎತ್ತರ 1.8 ಬ್ಲಾಕ್ ಇರುವುದರಿಂದ ಎತ್ತರ 3 ಇಟ್ಟರೆ ತಲೆ ಮೇಲೆ ಚಾವಣಿ ಕೂತಂತೆ ಅನಿಸುತ್ತದೆ. ಮುಂಬಾಗಿಲ ಕಡೆಯ ಅಗಲ ಯಾವಾಗಲೂ ಬೆಸ ಸಂಖ್ಯೆ: 9, 11, 13. ಆಗ ಬಾಗಿಲು ಸರಿಯಾಗಿ ನಡುವೆ ಬರುತ್ತದೆ. ಜೋಡಿ ಬಾಗಿಲು ಬೇಕಿದ್ದರೆ ಮಾತ್ರ ಸಮ ಸಂಖ್ಯೆ. ಇದಿಷ್ಟನ್ನೂ ಮಕ್ಕಳು ಲೆಕ್ಕ ಮಾಡುವ ಚೌಕುಳಿ ನೋಟ್‌ಬುಕ್‌ನಲ್ಲಿ ಬರೆದುಕೊಂಡು, ಆಮೇಲೆ ಕ್ರಿಯೇಟಿವ್ ಮೋಡ್‌ನ (ಬ್ಲಾಕ್‌ಗಳು ಬೇಕಾದಷ್ಟು ಸಿಗುವ ಆಟದ ಬಗೆ) ಸಪಾಟ ಜಗತ್ತಿನಲ್ಲಿ ಒಂದು ಮಾದರಿ ಎಬ್ಬಿಸುತ್ತೇನೆ.

ಇನ್ನು ಮನೆ. ಯೂಟ್ಯೂಬ್‌ನಲ್ಲಿ ಮನೆ ಕಟ್ಟುವ ವಿಡಿಯೊ ನೋಡಿದರೆ ಹತ್ತಕ್ಕೆ ಎಂಟು ಯುರೋಪಿನ ಹಳೇ ಹಳ್ಳಿಮನೆಗಳೇ. ಕಡಿದಾದ ಚಾವಣಿ, ಬಿಳಿ ಗೋಡೆ, ಅದರ ಮೇಲೆ ಅಡ್ಡಾದಿಡ್ಡಿ ಕಟ್ಟಿಗೆ. ಚಂದವೇ ಇವೆ, ಇಲ್ಲ ಅನ್ನಲ್ಲ. ಆದರೆ ಆ ಚಾವಣಿ ಕಡಿದಾಗಿರುವುದು ಹಿಮ ಜಾರಲಿ ಅಂತ. ನಮ್ಮಲ್ಲಿ ಹಿಮ ಎಲ್ಲಿಂದ ಬರಬೇಕು? ಧಾರವಾಡದ ಹಳೇ ಓಣಿಗಳಲ್ಲಿ ಒಂದು ಸುತ್ತು ಹಾಕಿದರೆ ಇದಕ್ಕಿಂತ ಒಳ್ಳೆ ಪಾಠ ಸಿಗುತ್ತದೆ. ಮಲೆನಾಡಿನ ಅಂಚಿನ ಊರು, ಮಳೆ ಜಾಸ್ತಿ. ಹಾಗಾಗಿ ಮಂಗಳೂರು ಹಂಚು, ಹೊರಗೆ ಚಾಚಿದ ಸೂರು, ಅದನ್ನು ಹೊರುವ ಕಟ್ಟಿಗೆ ಕಂಬ, ಕಂಬದ ಕೆಳಗೆ ಕಟ್ಟೆ. ಗದಗಿನ ಕಡೆ ಹೋದಂತೆ ಮಳೆ ಕಡಿಮೆ. ಅಲ್ಲಿಯ ಹಳ್ಳಿಗಳಲ್ಲಿ ಮಣ್ಣಿನ ಚಪ್ಪಟೆ ಮಾಳಿಗೆ, ದಪ್ಪ ಗೋಡೆ, ಸಣ್ಣ ಕಿಟಕಿ.

ಹಂಚಿನ ಚಾವಣಿಗೆ ಎಲ್ಲರೂ ಮೆಟ್ಟಿಲಿನ ಬ್ಲಾಕ್ ಹಾಕುತ್ತಾರೆ. ಅದರಿಂದ 45 ಡಿಗ್ರಿ ಇಳಿಜಾರು ಬರುತ್ತದೆ. ಧಾರವಾಡದ ಮನೆಗೆ ಅದು ಜಾಸ್ತಿ. ನಾನು ಸ್ಲ್ಯಾಬ್, ಅಂದರೆ ಅರ್ಧ ಬ್ಲಾಕ್ ಹಾಕುತ್ತೇನೆ. ಒಂದು ಬ್ಲಾಕ್ ಮುಂದೆ ಹೋದರೆ ಅರ್ಧ ಬ್ಲಾಕ್ ಏರು, ಸುಮಾರು 27 ಡಿಗ್ರಿ. ಇಷ್ಟು ಮಾಡಿದರೆ ಸಾಕು, ಮನೆ ಈ ಕಡೆಯದು ಅನಿಸತೊಡಗುತ್ತದೆ. ಹಂಚಿನ ಬಣ್ಣಕ್ಕೆ ಟೆರಾಕೋಟ ಸರಿಹೋಗುತ್ತಿತ್ತು, ಆದರೆ ಆಟದಲ್ಲಿ ಅದಕ್ಕೆ ಸ್ಲ್ಯಾಬೂ ಇಲ್ಲ, ಮೆಟ್ಟಿಲೂ ಇಲ್ಲ. ಹಾಗಾಗಿ ಇಟ್ಟಿಗೆಯ ಸ್ಲ್ಯಾಬ್ ಮುಖ್ಯವಾಗಿ, ಅಲ್ಲಲ್ಲಿ ಗ್ರಾನೈಟ್ ಸ್ಲ್ಯಾಬ್. ಹೊಸ ಹಂಚು ಹೊದಿಸಿದ ಭಾಗ ತೋರಿಸಬೇಕಿದ್ದರೆ ಅಕೇಶಿಯಾ ಮರದ ಸ್ಲ್ಯಾಬ್. ತಾಮ್ರದ ಸ್ಲ್ಯಾಬಿನ ಬಣ್ಣವೂ ಚೆನ್ನಾಗಿರುತ್ತದೆ, ಆದರೆ ಜೇನುಮೇಣ ಸವರದೆ ಬಿಟ್ಟರೆ ದಿನ ಕಳೆದಂತೆ ಹಸಿರಾಗುತ್ತದೆ.

ಸೂರನ್ನು ಗೋಡೆಯಿಂದ ಕನಿಷ್ಠ ಒಂದು ಬ್ಲಾಕ್ ಹೊರಗೆ ತರುತ್ತೇನೆ, ಕಟ್ಟೆ ಇರುವ ಕಡೆ ಮೂರು. ಮೂರು ಬಂದಾಗ ಕಂಬ ಬೇಕೇ ಬೇಕು. ಸಿಪ್ಪೆ ಸುಲಿದ ಡಾರ್ಕ್ ಓಕ್ ದಿಮ್ಮಿ ನಿಲ್ಲಿಸಿ, ಬುಡಕ್ಕೆ ಒಂದು ಕಲ್ಲು ಇಡುತ್ತೇನೆ. ಕಟ್ಟಿಗೆ ಕಂಬ ನೇರ ನೆಲಕ್ಕೆ ಊರಿದರೆ ಗೆದ್ದಲು ಹಿಡಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಆಟದಲ್ಲಿ ಗೆದ್ದಲಿಲ್ಲ. ಆದರೂ ಆ ಕಲ್ಲು ಇಟ್ಟ ಕೂಡಲೇ ಕಂಬಕ್ಕೆ ಒಂದು ತೂಕ ಬರುತ್ತದೆ.

ಗದಗಿನ ಮಾಳಿಗೆಮನೆಯಲ್ಲಿ ನೋಡುವಂಥದ್ದು ಒಳಗಿದೆ. ಮೊದಲು ತೊಲೆ, ಅದರ ಮೇಲೆ ಅಡ್ಡಲಾಗಿ ಜಂತಿ, ಅದರ ಮೇಲೆ ಹಲಗೆ, ಎಲ್ಲಕ್ಕಿಂತ ಮೇಲೆ ಮಣ್ಣು. ಇದೇ ಕ್ರಮವನ್ನು ಬ್ಲಾಕ್‌ನಲ್ಲಿ ಇಡುತ್ತೇನೆ. ಮೂರು ಬ್ಲಾಕ್‌ಗೊಂದು ಮಲಗಿಸಿದ ದಿಮ್ಮಿ. ಅದರ ಮೇಲೆ ಅಡ್ಡಲಾಗಿ ಸ್ಪ್ರೂಸ್ ಹಲಗೆ ಒಂದು ಸಾಲು, ಒಂದು ಸಾಲು ಬಿಟ್ಟು ಮತ್ತೊಂದು. ಖಾಲಿ ಬಿಟ್ಟ ಸಾಲಿನಲ್ಲಿ ಮೇಲಕ್ಕೆ ಒತ್ತಿದ ಸ್ಲ್ಯಾಬ್. ಕೆಳಗಿನಿಂದ ತಲೆ ಎತ್ತಿ ನೋಡಿದರೆ ಉಬ್ಬು ತಗ್ಗು, ಉಬ್ಬು ತಗ್ಗು. ಮೇಲೆ ಗಟ್ಟಿ ಮಣ್ಣಿನ ಬ್ಲಾಕ್. ನಡುವೆ ಒಂದು ಬ್ಲಾಕ್ ತೆಗೆದರೆ ಬೆಳಕಿಂಡಿ. ಅದರ ಮೇಲೆ ಟ್ರ್ಯಾಪ್‌ಡೋರ್, ಅಂದರೆ ಅಡ್ಡ ಮಲಗಿಸಿದ ಮುಚ್ಚುಬಾಗಿಲು ಇಟ್ಟರೆ ತೆಗೆದು ಮುಚ್ಚಬಹುದು, ನಿಜವಾದ ಬೆಳಕಿಂಡಿಯನ್ನು ಮಳೆ ಬಂದಾಗ ಮುಚ್ಚುವ ಹಾಗೇ. ನನ್ನ ತಂಗಿ ಆಟದಲ್ಲಿ ಮಳೆ ಬಂದಾಗಲೆಲ್ಲ ಮೇಲೆ ಹತ್ತಿ ಅದನ್ನು ಮುಚ್ಚಿ ಬರುತ್ತಾಳೆ. ಯಾಕೆ ಅಂತ ನಾನು ಕೇಳಿಲ್ಲ.

ಗೋಡೆಯ ಬಣ್ಣದ ಬಗ್ಗೆ ನನ್ನದೊಂದು ತಕರಾರು ಇದೆ. ಈಗ ಎಲ್ಲರೂ ಒಂದೇ ಗೋಡೆಗೆ ನಾಲ್ಕೈದು ಥರದ ಕಲ್ಲು ಸುಮ್ನೆ ಎರಚುತ್ತಾರೆ, ಹಳೆಯದಾಗಿ ಕಾಣಲಿ ಅಂತ. ನನಗದು ಸಿಡುಬು ಎದ್ದ ಹಾಗೆ ಕಾಣುತ್ತದೆ. ಗೋಡೆ ಹಳತಾಗುವುದಕ್ಕೂ ಕಾರಣ ಇರುತ್ತದೆ. ಸುಣ್ಣದ ಗೋಡೆಯ ಕೆಳಗಿನ ಒಂದು ಮೊಳ ಮಳೆಗಾಲದಲ್ಲಿ ಮಣ್ಣು ಸಿಡಿದು ಕಂದಾಗುತ್ತದೆ. ಸೂರಿನ ನೀರು ಸುರಿಯುವ ಮೂಲೆಯಲ್ಲಿ ಪಾಚಿ ಹಿಡಿಯುತ್ತದೆ. ಅಡುಗೆಮನೆಯ ಕಿಂಡಿಯ ಮೇಲೆ ಹೊಗೆ ಕೂರುತ್ತದೆ. ನಾನು ಆ ಮೂರು ಕಡೆ ಮಾತ್ರ ಬ್ಲಾಕ್ ಬದಲಿಸುತ್ತೇನೆ. ಗೋಡೆಗೆ ಕ್ಯಾಲ್ಸೈಟ್ ಅನ್ನುವ ಮಾಸಲು ಬಿಳಿ ಕಲ್ಲು, ಯಾಕೆಂದರೆ ಬಿಳಿ ಕಾಂಕ್ರೀಟ್ ಆಸ್ಪತ್ರೆ ಗೋಡೆಯಷ್ಟು ಬೆಳ್ಳಗೆ. ಬುಡಕ್ಕೆ ಗಟ್ಟಿ ಮಣ್ಣು ಮತ್ತು ಮಣ್ಣಿನ ಇಟ್ಟಿಗೆ. ನೀರು ಬೀಳುವಲ್ಲಿ ಪಾಚಿಗಲ್ಲು. ಉಳಿದ ಗೋಡೆ ಸ್ವಚ್ಛ.

ಮನೆ ಕಟ್ಟಿ ಕೈ ಪಳಗಿದ ಮೇಲೆ ಗುಡಿಗೆ ಕೈ ಹಾಕಿದೆ. ಗದಗ ಜಿಲ್ಲೆಯವರಿಗೆ ಮಾದರಿ ಹುಡುಕಿ ದೂರ ಹೋಗಬೇಕಿಲ್ಲ. ಗದಗಿನ ತ್ರಿಕೂಟೇಶ್ವರ, ಲಕ್ಕುಂಡಿಯ ಕಾಶಿವಿಶ್ವನಾಥ, ಡಂಬಳದ ದೊಡ್ಡಬಸಪ್ಪ, ಎಲ್ಲ ಕಲ್ಯಾಣ ಚಾಲುಕ್ಯರ ಕಾಲದವು. ಬಾದಾಮಿ ಕಡೆ ಕೆಂಪು ಮರಳುಗಲ್ಲಾದರೆ ಇಲ್ಲಿ ಬಳಪದ ಕಲ್ಲು. ಮೆತ್ತಗಿನ ಕಲ್ಲು, ಹಾಗಾಗಿ ಕೆತ್ತನೆ ಅಷ್ಟು ಸೂಕ್ಷ್ಮ. ಬಣ್ಣ ಬೂದಿ, ಅದರಲ್ಲೇ ಒಂಚೂರು ಹಸಿರು. ಈ ಬಣ್ಣ ಆಟದಲ್ಲಿ ಟಫ್ ಕಲ್ಲಿಗಿದೆ. ಬಹಳ ದಿನ ಅದರ ಒಂದೇ ಥರದ ಬ್ಲಾಕ್ ಇತ್ತು. 2024ರಲ್ಲಿ 1.21 ಆವೃತ್ತಿ ಬಂದಾಗ ಟಫ್‌ಗೆ ಮೆಟ್ಟಿಲು, ಸ್ಲ್ಯಾಬ್, ಗೋಡೆ, ಇಟ್ಟಿಗೆ, ನಯಗೊಳಿಸಿದ್ದು, ಕೆತ್ತಿದ್ದು ಎಲ್ಲ ಸಿಕ್ಕವು. ಲಕ್ಕುಂಡಿ ಕಟ್ಟಲೆಂದೇ ಕೊಟ್ಟಂತಿತ್ತು.

ಡಂಬಳದ ಗುಡಿ ಸುಲಭ ಅಲ್ಲ. ಅದರ ವಿಮಾನದ (ಗರ್ಭಗುಡಿ, ಅದರ ಮೇಲಿನ ಶಿಖರ ಸೇರಿದ ಭಾಗ) ತಳ 24 ಮೂಲೆಗಳ ನಕ್ಷತ್ರ. ಒಂದು ಚೌಕ ಬರೆಯಿರಿ. ಅದರ ನಡುವೆ ಕೈವಾರದ ಮೊಳೆ ಊರಿದಂತೆ ಇಟ್ಟುಕೊಂಡು 15 ಡಿಗ್ರಿ ತಿರುಗಿಸಿ ಮತ್ತೊಂದು ಚೌಕ. ಹೀಗೆ ಆರು ಚೌಕ ಬರೆದರೆ ನಾಲ್ಕಾರಲ ಇಪ್ಪತ್ನಾಲ್ಕು ಮೂಲೆ. ಕಾಗದದ ಮೇಲೆ ಸಲೀಸು. ಬ್ಲಾಕ್‌ಗೆ ಮಾತ್ರ ಈ ಓರೆ ಗೊತ್ತಿಲ್ಲ. 45 ಡಿಗ್ರಿ ಆದರೆ ಒಂದು ಮುಂದೆ, ಒಂದು ಪಕ್ಕ. 15 ಡಿಗ್ರಿಗೆ ಹೆಚ್ಚುಕಡಿಮೆ ನಾಲ್ಕು ಮುಂದೆ, ಒಂದು ಪಕ್ಕ. 30 ಡಿಗ್ರಿಗೆ ಏಳು ಮುಂದೆ, ನಾಲ್ಕು ಪಕ್ಕ. ಚಿಕ್ಕದಾಗಿ ಕಟ್ಟಿದರೆ ಮೂಲೆಗಳೆಲ್ಲ ಕಲೆಸಿ ದುಂಡಗಾಗುತ್ತದೆ. ಲೆಕ್ಕ ಹಾಕಿ ನೋಡಿದೆ. 30 ಬ್ಲಾಕ್ ವ್ಯಾಸದಲ್ಲಿ ಒಂದೊಂದು ಮೂಲೆ ಹೊರಗೆ ಬರುವುದು ಒಂದೂವರೆ ಬ್ಲಾಕ್ ಅಷ್ಟೇ. 60 ಮಾಡಿದರೆ ಮೂರು ದಾಟುತ್ತದೆ. ಮೂರು ಇದ್ದರೆ ಒಳಮೂಲೆಗೆ ನೆರಳು ಬೀಳುತ್ತದೆ, ಹೊರಮೂಲೆಗೆ ಬೆಳಕು. ಹಾಗಾಗಿ 60 ಅಂತ ಗಟ್ಟಿ ಮಾಡಿದೆ. ಡಂಬಳದಲ್ಲಿ ಈ ಮೂಲೆಗಳು ಗೋಡೆಗೆ ನಿಲ್ಲದೆ ಶಿಖರದಲ್ಲೂ ಮುಂದುವರಿದಿವೆ. ನಾನೂ ಪ್ರತಿ ಹಂತದಲ್ಲಿ ವ್ಯಾಸ ಕಡಿಮೆ ಮಾಡುತ್ತಾ ಅದೇ ನಕ್ಷತ್ರ ಇಡುತ್ತಾ ಹೋದೆ. ಮೇಲೆ ಹೋದಂತೆ ಮೂಲೆ ಕಲೆಸುವುದು ತಪ್ಪಲಿಲ್ಲ. ಆದರೆ ಅಷ್ಟು ಎತ್ತರದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ.

ಇಷ್ಟು ಕಷ್ಟ ಬೇಡ ಅನ್ನುವವರು ಲಕ್ಕುಂಡಿಯ ದಾರಿ ಹಿಡಿಯಬಹುದು. ಅಲ್ಲಿ ಗೋಡೆ ಮೆಟ್ಟಿಲು ಮೆಟ್ಟಿಲಾಗಿ ಮುಂದೆ ಬಂದು ಹಿಂದೆ ಸರಿಯುತ್ತದೆ. ಇದು ಬ್ಲಾಕ್‌ಗೆ ಹೇಳಿ ಮಾಡಿಸಿದ್ದು. ಕಟ್ಟಲು ಶುರು ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಗುಡಿಯ ಕಂಬದ ಬಗ್ಗೆ ಒಂದು ಮಾತು. ಗದಗಿನ ಸರಸ್ವತಿ ಗುಡಿಯ ಕಂಬದ ಹತ್ತಿರ ನಿಂತು ನೋಡಿ. ಕಂಬದ ಅಗಲ ಒಂದೇ ಸಮ ಇರುವುದಿಲ್ಲ. ಬುಡ ದಪ್ಪ ಚೌಕ, ಆಮೇಲೆ ಒಮ್ಮೆಲೇ ಸಣ್ಣಗಾಗಿ, ಮತ್ತೆ ಉಬ್ಬಿ, ಮತ್ತೆ ಸಣ್ಣಗಾಗಿ, ಮೇಲೆ ಅಗಲವಾಗಿ ಬಿಚ್ಚಿಕೊಂಡು ತೊಲೆಯನ್ನು ಹಿಡಿಯುತ್ತದೆ. ಆ ಕೆತ್ತನೆಯನ್ನು ಬ್ಲಾಕ್‌ನಲ್ಲಿ ತರಲಾಗದು. ಆದರೆ ಈ ಏರಿಳಿತ ತರಬಹುದು. ನಯಗೊಳಿಸಿದ ಟಫ್ ಒಂದು, ಅದರ ಮೇಲೆ ಟಫ್ ಗೋಡೆಯ ಬ್ಲಾಕ್ (ಇದು ಪೂರ್ತಿ ಬ್ಲಾಕಿನ ಅರ್ಧ ದಪ್ಪ), ಮೇಲೆ ಕೆತ್ತಿದ ಟಫ್, ಮತ್ತೆ ಗೋಡೆಯ ಬ್ಲಾಕ್, ಕೊನೆಗೆ ಪೂರ್ತಿ ಬ್ಲಾಕ್ ಇಟ್ಟು ಅದರ ನಾಲ್ಕೂ ಕಡೆ ತಲೆಕೆಳಗಾದ ಮೆಟ್ಟಿಲು. ಆ ನಾಲ್ಕು ಮೆಟ್ಟಿಲು ಬಂದಾಗ ಮಾವ ಕೇಳಿದ ಪ್ರಶ್ನೆಗೆ ಉತ್ತರ ಸಿಗುತ್ತದೆ. ಛತ್ತಿನ ಭಾರ ಅಲ್ಲಿಂದ ಕಂಬಕ್ಕೆ ಇಳಿದದ್ದು ಕಾಣುತ್ತದೆ.

ಲಕ್ಕುಂಡಿಯ ಮಾಣಿಕೇಶ್ವರ ಗುಡಿ ಮುಂದಿನ ಮೆಟ್ಟಿಲು ಬಾವಿಯನ್ನೂ ಕಟ್ಟಿದ್ದೇನೆ. ಇದು ಕಟ್ಟುವುದಕ್ಕಿಂತ ಅಗೆಯುವ ಕೆಲಸ. ಮೇಲಿನ ಅಂಚಿನಿಂದ ಶುರು ಮಾಡಿ ಒಂದೊಂದು ಹಂತ ಒಳಗೆ ಸರಿಯುತ್ತಾ ಇಳಿಯಬೇಕು. ಗೋಡೆಗಳಲ್ಲಿ ಪುಟ್ಟ ಪುಟ್ಟ ಗುಡಿಯಂಥ ಗೂಡುಗಳಿವೆ. ಅವನ್ನು ಅಗೆಯುವಾಗಲೇ ಎರಡು ಬ್ಲಾಕ್ ಆಳ ಬಿಟ್ಟುಕೊಂಡೆ. ನೀರು ತುಂಬುವಾಗ ಒಂದು ಎಚ್ಚರ ಬೇಕು. ಮುಳುಗಿದ ಪ್ರತಿ ಮೆಟ್ಟಿಲಿನ ಮೇಲೂ ಬಕೆಟ್ ಇಟ್ಟು ನೀರು ಹಾಕಬೇಕು. 2018ರ 1.13 ಆವೃತ್ತಿಯಿಂದ ಮೆಟ್ಟಿಲಿನೊಳಗೂ ನೀರು ನಿಲ್ಲುತ್ತದೆ. ಹಾಕದಿದ್ದರೆ ಮೆಟ್ಟಿಲಿನ ಸುತ್ತ ನೀರಿಲ್ಲದ ಖಾಲಿ ಜಾಗ ಉಳಿದು ಬಾವಿ ಒಡೆದಂತೆ ಕಾಣುತ್ತದೆ.

ಬೆಳಕಿನ ವಿಷಯದಲ್ಲಿ ಈಗ ಆರಾಮ. ಮೊದಲು ಬೆಳಕು (ಆಟ ಇದನ್ನು 0ಯಿಂದ 15ರವರೆಗೆ ಎಣಿಸುತ್ತದೆ) 7 ಅಥವಾ ಕಡಿಮೆ ಇದ್ದರೆ ಭೂತಪ್ರೇತಗಳು ಹುಟ್ಟುತ್ತಿದ್ದವು, ಹಾಗಾಗಿ ಎಲ್ಲೆಂದರಲ್ಲಿ ಪಂಜು ಸಿಕ್ಕಿಸಬೇಕಿತ್ತು. 2021ರ ಕೊನೆಯಲ್ಲಿ ಬಂದ 1.18ರ ನಂತರ ದೀಪದ ಬೆಳಕು ಪೂರ್ತಿ ಸೊನ್ನೆ ಇದ್ದ ಕಡೆ ಮಾತ್ರ ಹುಟ್ಟುತ್ತವೆ. ಹಾಗಾಗಿ ಪಂಜು ಬಿಟ್ಟಿದ್ದೇನೆ. ಗೋಡೆಯಲ್ಲಿ ಒಂದು ಬ್ಲಾಕ್ ತೆಗೆದು ಮಾಡ ಮಾಡಿ, ಅದರಲ್ಲಿ ಮೇಣದಬತ್ತಿ ಇಡುತ್ತೇನೆ. ಒಂದು ಬತ್ತಿಗೆ 3ರಷ್ಟು ಬೆಳಕು, ನಾಲ್ಕು ಕೂಡಿಸಿದರೆ 12. ಪಡಸಾಲೆಗೆ ನಾಲ್ಕು, ದೇವರ ಮನೆಗೆ ಎರಡು ಸಾಕು. ದನದ ಕೊಟ್ಟಿಗೆಗೆ ತೊಲೆಯಿಂದ ಇಳಿಬಿಟ್ಟ ಒಂದು ಲಾಟೀನು.

ಈಗ ಕೈಯಲ್ಲಿರುವುದು ಒಂದು ದೇಸಾಯರ ವಾಡೆ. ಎತ್ತರದ ಕಲ್ಲುಗೋಡೆ, ನಡುವೆ ಅಂಗಳ, ಸುತ್ತ ಪಡಸಾಲೆ. ತಲೆಬಾಗಿಲು ಐದು ಬ್ಲಾಕ್ ಎತ್ತರ ಬೇಕು, ಆಟದ ಬಾಗಿಲು ಎರಡೇ ಬ್ಲಾಕ್ ಎತ್ತರ. ಹಾಗಾಗಿ ದೊಡ್ಡ ಬಾಗಿಲನ್ನು ಸ್ಪ್ರೂಸ್ ಟ್ರ್ಯಾಪ್‌ಡೋರ್‌ಗಳಿಂದ ಮುಚ್ಚಿಟ್ಟು, ಅದರೊಳಗೇ ಒಂದು ಸಣ್ಣ ದಿಡ್ಡಿ ಬಾಗಿಲು ಬಿಟ್ಟಿದ್ದೇನೆ. ಮೊನ್ನೆ ಮಾವ ಬಂದವರು ಅದನ್ನು ನೋಡಿ ದಿಡ್ಡಿ ಬಾಗಿಲು ಸರಿ ಐತಿ ಅಂದರು. ಮೇಲಿನ ಕಲ್ಲಿನ ಕಮಾನು ಮಾತ್ರ ಅವರಿಗೆ ಒಪ್ಪಿಗೆಯಾಗಿಲ್ಲ. ನಡುಗಲ್ಲು ಇಲ್ಲದೆ ಕಮಾನು ಹೆಂಗ ನಿಲ್ಲತೈತಿ ಅಂತ ಕೇಳಿದ್ದಾರೆ. ಈ ವಾರ ಆ ಕಮಾನು ಬಿಚ್ಚಿ, ಅಗಲವನ್ನು 6ರಿಂದ 7ಕ್ಕೆ ಏರಿಸಿ, ನಡುವೆ ಒಂದು ಕೆತ್ತಿದ ಟಫ್ ಕೂರಿಸಬೇಕು.