ಫೋನಿಂದ ತಾಗೋ ರೇಡಿಯೋ ತರಂಗ ಕಮ್ಮಿ ಮಾಡ್ಕೊಳ್ಳೋದು ಹೇಗೆ

ತುಂಬಾ ಜನ ಟವರ್ ನೋಡಿ ಹೆದರ್ತಾರೆ, ಆದ್ರೆ ಸಾಮಾನ್ಯವಾಗಿ ನಮ್ಮ ತಲೆಗೆ ಜಾಸ್ತಿ ರೇಡಿಯೋ ತರಂಗ ತಾಗೋದು ಕಿವಿಗೆ ಒತ್ತಿ ಹಿಡ್ಕೊಂಡಿರೋ ನಮ್ಮದೇ ಫೋನಿಂದ.

ಫೋನಲ್ಲಿ ಎಲ್ಲಕ್ಕಿಂತ ಜೋರು ನೆಟ್‌ವರ್ಕ್ ಆಂಟೆನಾ. 4ಜಿಯಲ್ಲಿ ಹೆಚ್ಚುಕಮ್ಮಿ 0.2 ವ್ಯಾಟ್ ಅದರ ಮಿತಿ, ಹಳೇ 2ಜಿಯಲ್ಲಿ ಒಂದೊಂದು ಪಲ್ಸ್ 2 ವ್ಯಾಟ್ ತನಕ ಹೋಗುತ್ತೆ. ವೈಫೈ ಸಾಮಾನ್ಯವಾಗಿ ಇದಕ್ಕಿಂತ ಕಮ್ಮಿ, ಬ್ಲೂಟೂತ್ ಇಯರ್‌ಬಡ್ ಇನ್ನೂ ಕಮ್ಮಿ. ಜಿಪಿಎಸ್ ಸಿಗ್ನಲ್ ತಗೊಳ್ಳುತ್ತೆ ಅಷ್ಟೇ, ಏನೂ ಬಿಡಲ್ಲ, ಅದನ್ನ ಆಫ್ ಮಾಡಿ ಪ್ರಯೋಜನ ಇಲ್ಲ.

ಈಗ ಮುಖ್ಯ ವಿಷ್ಯ. ಫೋನು ಯಾವಾಗ್ಲೂ ಒಂದೇ ಪವರಲ್ಲಿ ಕೆಲಸ ಮಾಡಲ್ಲ, ಸಿಗ್ನಲ್ ಚೆನ್ನಾಗಿದ್ರೆ ತಾನೇ ಪವರ್ ಇಳಿಸ್ಕೊಳ್ಳುತ್ತೆ, ಲಿಫ್ಟು, ಬೇಸ್‌ಮೆಂಟು, ಇಲ್ಲಾ ಸಿಗ್ನಲ್ಲೇ ಸಿಗದ ಜಾಗಕ್ಕೆ ಹೋದ್ರೆ ಟವರ್‌ಗೆ ಮುಟ್ಟಿಸ್ಬೇಕಲ್ಲ ಅಂತ ಏರಿಸ್ಕೊಂಡು ಹೋಗುತ್ತೆ, ಆ ವ್ಯತ್ಯಾಸ ಎಷ್ಟೋ ನೂರು ಪಟ್ಟು ಇರಬಹುದು. ಅದಕ್ಕೇ ಒಂದೇ ಕಡ್ಡಿ ಸಿಗ್ನಲ್ ಇದ್ದಾಗ ಉದ್ದುದ್ದ ಮಾತು ಬೇಡ, ಕಿಟಕಿ ಹತ್ರ ಬನ್ನಿ ಅಥವಾ ಮೆಸೇಜ್ ಹಾಕಿ ಬಿಡಿ.

ಆಮೇಲೆ ದೂರ. ಸ್ಪೀಕರ್ ಆನ್ ಮಾಡಿ ಇಲ್ಲಾ ವಯರ್ ಇರೋ ಇಯರ್‌ಫೋನ್ ಹಾಕ್ಕೊಂಡು ಮಾತಾಡಿ, ಫೋನು ಒಂದು ಗೇಣು ದೂರ ಹೋದ್ರೂ ತಲೆಗೆ ತಾಗೋದು ಬಹಳ ಇಳಿಯುತ್ತೆ. ಆದ್ರೆ ಇಯರ್‌ಫೋನ್ ಹಾಕ್ಕೊಂಡು ಫೋನ್ ಜೇಬಲ್ಲೇ ಇಟ್ರೆ ತಲೆ ಬದ್ಲು ತೊಡೆಗೆ ತಾಗುತ್ತೆ, ಟೇಬಲ್ ಮೇಲಿಡಿ. ರಾತ್ರಿ ದಿಂಬಿನ ಕೆಳಗೆ ಬೇಡ, ದೂರ ಇಡಿ, ಇಲ್ಲಾ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಬ್ಲೂಟೂತ್ ಆನ್ ಉಳಿದಿದ್ಯಾ ಅಂತಾನೂ ನೋಡ್ಕೊಳ್ಳಿ. ಮಕ್ಕಳ ಕೈಗೆ ವಿಡಿಯೋ ನೋಡೋಕೆ ಕೊಡೋದಾದ್ರೆ ಮೊದ್ಲೇ ಡೌನ್‌ಲೋಡ್ ಮಾಡಿ, ಆಮೇಲೆ ಎಲ್ಲಾ ಆಫ್ ಮಾಡಿ ಕೊಡಿ.

ಗಾಬರಿ ಬೇಕಾ? ಬೇಡ. ಇದು ಎಕ್ಸ್‌ರೇ ಥರ ಡಿಎನ್‌ಎ ಮುರಿಯೋ ವಿಕಿರಣ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2011ರಲ್ಲಿ ಇದನ್ನ 'ಕ್ಯಾನ್ಸರ್‌ಕಾರಕ ಆಗಿರಲೂಬಹುದು' ಅನ್ನೋ 2ಬಿ ಗುಂಪಿಗೆ ಸೇರಿಸ್ತು, ಅಂದ್ರೆ ಅನುಮಾನ ಇದೆ, ಗಟ್ಟಿ ಪುರಾವೆ ಇಲ್ಲ. ದುಡ್ಡು ಖರ್ಚಿಲ್ಲದ ಅಭ್ಯಾಸ ಮಾಡ್ಕೊಳ್ಳೋಕೆ ಅಷ್ಟು ಸಾಕು ಅನ್ಸುತ್ತೆ ನಂಗೆ. ರೇಡಿಯೇಷನ್ ತಡೆಯೋ ಸ್ಟಿಕರ್ ಮಾತ್ರ ತಗೋಬೇಡಿ ದಯವಿಟ್ಟು, ಅದು ಆಂಟೆನಾಗೆ ಅಡ್ಡ ಬಂದ್ರೆ ಫೋನು ಇನ್ನೂ ಪವರ್ ಏರಿಸುತ್ತೆ.

ಹೊಸ ಫೋನ್ ತಗೊಳ್ಳುವಾಗ ಸ್ಯಾರ್ (ಫೋನಿನ ರೇಡಿಯೋ ತರಂಗದ ಶಕ್ತಿನ ನಮ್ಮ ಮೈ ಎಷ್ಟು ಹೀರ್ಕೊಳ್ಳುತ್ತೆ ಅನ್ನೋ ಅಳತೆ) ನೋಡಿ, ಎಷ್ಟೋ ಫೋನಲ್ಲಿ *#07# ಒತ್ತಿದ್ರೆ ಬರುತ್ತೆ. ಭಾರತ, ಅಮೆರಿಕದಲ್ಲಿ ಮಿತಿ ಕೆಜಿಗೆ 1.6 ವ್ಯಾಟ್. ಆದ್ರೆ ಅದು ಫುಲ್ ಪವರಲ್ಲಿ ಅಳೆದ ಲೆಕ್ಕ, ಹಾಗಾಗಿ ಕಮ್ಮಿ ಸ್ಯಾರ್ ಫೋನೂ ಸಿಗ್ನಲ್ ಇಲ್ಲದ ಜಾಗದಲ್ಲಿ ಜಾಸ್ತಿನೇ ಬಿಡಬಹುದು.